ಬಹುವಚನ

ಆನ್ಸಾನಿನ ಈ ತಗಡು ಒತ್ತುವ ಶೆಡ್ಡಿನಲ್ಲಿ
ಒಂಬತ್ತು ವರ್ಷ ನನ್ನ ಹೆಸರು ‘ಲೇ’.
ಪಾಸ್‌ಪೋರ್ಟಿನ ಓತಾಬೆಕ್
ತಿಂಗಳಿಗೊಮ್ಮೆ ಸಂಬಳದ ಚೀಟಿಯಲ್ಲಿ,
ಅದೂ ಕಾಗುಣಿತ ತಪ್ಪಾಗಿ,
ಮುಖ ತೋರಿಸಿ ಹೋಗುತ್ತಿದ್ದ.

ಲೇ, ಎತ್ತು. ಲೇ, ಒರೆಸು.
ಲೇ, ಕೈ ತೆಗಿ, ಕೈ!

ಆ ಕೊನೆಯದಕ್ಕೆ ನಾನು ಋಣಿ.
ಹತ್ತೂ ಬೆರಳು ಇವೆ ಇನ್ನೂ.
ಮರ್ಯಾದೆ ಕೊಟ್ಟು ಕೂಗಲು ಹೊರಟಿದ್ದರೆ ನೋ ಮೇಸ್ತ್ರಿ
ಅಷ್ಟರಲ್ಲಿ ಎರಡು ಹೋಗಿರುತ್ತಿದ್ದವು.

ಭಾನುವಾರ, ಕೋಳಿ ಹುರಿಯುವ ಅಂಗಡಿಯ ಮಾಳಿಗೆಯಲ್ಲಿ
ಭಾಷೆಯ ತರಗತಿ. ಅಂಚೆ ಕಚೇರಿಯಿಂದ ನಿವೃತ್ತರಾದ ಪ್ಯೋ ಮೇಡಂ
ಹಲಗೆಯ ಮೇಲೆ ಮೆಟ್ಟಿಲು ಬರೆದರು:
ಮಗುವಿಗೆ ಒಂದು ‘ಬಾ’, ಗೆಳೆಯನಿಗೆ ಇನ್ನೊಂದು,
ಗುರುತಿಲ್ಲದವನಿಗೆ, ಯಜಮಾನನಿಗೆ,
ಯಜಮಾನನ ಅಪ್ಪನಿಗೆ.
ಉಳಿದವರು ತಲೆ ಕೆರೆದುಕೊಂಡರು.
ನಮ್ಮ ನಮಂಗಾನಿನಲ್ಲೂ ಇವೆಯಲ್ಲ, ಸೆನ್ ಮತ್ತು ಸಿಜ್.
ಅಮ್ಮ ನನಗೆ ತೊಟ್ಟಿಲಿನಿಂದಲೇ ಸಿಜ್ ಅನ್ನುತ್ತಿದ್ದಳು.
ಹಾಲು ಕುಡಿಯಿರಿ. ಅಳಬೇಡಿ. ಮಲಗಿ.

ವೀಸಾ ಮುಗಿಯಲು ಎಂಟು ತಿಂಗಳು.
ನುರಿತವನು ಎಂಬ ಮುದ್ರೆ ಬಿದ್ದರೆ ಉಳಿಯಬಹುದು,
ಹೆಂಡತಿಯನ್ನು ಕರೆಸಬಹುದು.
ಅದಕ್ಕೆ ಅಂಕ ಕೂಡಬೇಕು:
ವಯಸ್ಸಿಗಿಷ್ಟು, ಸಂಬಳಕ್ಕಿಷ್ಟು, ಭಾಷೆಗಿಷ್ಟು,
ಶಿಫಾರಸು ಪತ್ರಕ್ಕಿಷ್ಟು.
ಯಂತ್ರದ ಉಸಿರು ಕೇಳಿ
ನಾಳೆ ಬಿರಿಯಲಿರುವ ಅಚ್ಚನ್ನು
ಇವತ್ತೇ ಹೇಳಬಲ್ಲೆ ನಾನು.
ಅದಕ್ಕೆ ಕಾಲಮ್ಮಿಲ್ಲ. ಕೇಳಿ ನೋಡಿದೆ;
‘ಇತರೆ’ ಅನ್ನುವಲ್ಲೂ ಹಿಡಿಸಲಿಲ್ಲ.

ರಾತ್ರಿ ಪಾಳಿಯಲ್ಲಿ ಯಂತ್ರದ ಹೊಟ್ಟೆಯ ಮೇಲೆ
ಸೀಮೆಸುಣ್ಣದಿಂದ ಕ್ರಿಯಾಪದ ಬರೆದೆ,
ಒಂದು ಒತ್ತಿಗೆ ಒಂದು.
ಮೊದಮೊದಲು ಮೇಸ್ತ್ರಿ ಬೈದು ಅಳಿಸಿದ.
ಮಾರ್ಚಿಯ ಒಂದು ಬೆಳಗಿನ ಜಾವ
ಮಾತಿಲ್ಲದೆ ಒಂದೇ ಅಕ್ಷರ ಉಗುರಲ್ಲಿ ಕೆರೆದು
ಸರಿಯಾದದ್ದು ಬರೆದು ಹೋದ.
ಅಂದಿನಿಂದ ನನ್ನ ಲೆಕ್ಕದಲ್ಲಿ ಅವನು ‘ಅವರು’.
ಅವರಿಗೆ ಮಾತ್ರ ನಾನು ಅದೇ ‘ಲೇ’.

ಜೂನಿನಲ್ಲಿ ಮೊಣಕಾಲು ಕೈಕೊಟ್ಟು
ಅವರು ಮನೆಗೆ ಹೋದರು.
ಯಜಮಾನ ಕರೆದು ಕೊಟ್ಟದ್ದು:
ಹಳದಿ ಟೋಪಿ, ಉಪಕರಣ ಕಪಾಟಿನ ಬೀಗದ ಕೈ,
ಒಂದಿಷ್ಟು ಹೆಚ್ಚು ಸಂಬಳ,
ಸಾಲಿನಲ್ಲಿ ಇನ್ನು ಏನೇ ಕೆಟ್ಟರೂ ನನ್ನದೇ ತಪ್ಪು.

ನನ್ನದೇ ವಾರದಲ್ಲಿ ಬಂದಿಳಿದ ಸುಜೀವ,
ಒಂದೇ ಕಂಟೇನರಿನ ಮೇಲಿನ ಮಂಚದವನು,
ಊಟದ ಸಾಲಿನಲ್ಲಿ ಪಕ್ಕಕ್ಕೆ ಸರಿದು
‘ದಯಮಾಡಿಸಬೇಕು ಮೇಸ್ತ್ರಿಗಳು’ ಎಂದ.
ಎಲ್ಲರೂ ನಕ್ಕರು. ನಾನೂ.
ಅವನ ನಗೆಗೆ ಉಪ್ಪು ಸ್ವಲ್ಪ ಹೆಚ್ಚಾಗಿತ್ತು.
ಆ ರಾತ್ರಿ ಮೇಲಿನ ಮಂಚ ಬೇಗ ದೀಪ ಆರಿಸಿತು.

ಈ ಸೋಮವಾರ ಕಾಂಬೋಡಿಯಾದಿಂದ ಹುಡುಗ ಬಂದ.
ಇಪ್ಪತ್ತೊಂದು. ಅಂಗಿಯ ತೋಳು ಅವನಿಗಿಂತ ದೊಡ್ಡದು.
ಪುಸ್ತಕದಲ್ಲಿ ಕಲಿತ ಕೊನೆಯ ಮೆಟ್ಟಿಲು ಹತ್ತಿ
ನನಗೆ ನಮಸ್ಕರಿಸಿದ;
ಅಂಥ ಮಾತು ಇಲ್ಲಿ ವಿಮಾನ ನಿಲ್ದಾಣದಲ್ಲಷ್ಟೇ ಕೇಳಿದ್ದೆ.
ಏನೆನ್ನಲಿ? ಸುಜೀವ ನೋಡುತ್ತಿದ್ದ.
ಬಾ ಅಂದರೆ ನೋ ಮೇಸ್ತ್ರಿಯಾಗುತ್ತೇನೆ,
ಬನ್ನಿ ಅಂದರೆ ನಾಟಕವಾಗುತ್ತದೆ,
ಎಂದು ಯೋಚಿಸುತ್ತ ನಿಂತಿದ್ದೆ.
ಅಷ್ಟರಲ್ಲಿ ಆ ತೋಳು
ಅಚ್ಚಿನ ಅಂಚಿನ ಮೇಲೆ—

‘ಲೇ! ಕೈ!’

ನನ್ನ ಗಂಟಲೇ. ಆದರೆ ದನಿ ಅವರದು.
ಎಂಬತ್ತು ಟನ್ನು ಬರೀ ತಗಡಿನ ಮೇಲೆ ಬಿತ್ತು.

ಯಂತ್ರ ನಿಲ್ಲಿಸಿದೆ. ಅವನ ಬೆರಳು ಎಣಿಸಿದೆ,
ಎರಡು ಸಲ. ಸುಜೀವ ಓಡಿ ಬಂದು ಮೂರನೆಯ ಸಲ.
ಹುಡುಗ ಕ್ಷಮೆ ಕೇಳುತ್ತಲೇ ಇದ್ದ,
ಎಲ್ಲಾ ಮೆಟ್ಟಿಲುಗಳಲ್ಲೂ.
ತೋಳನ್ನು ಮೊಣಕೈವರೆಗೆ ಮಡಿಚಿದೆ,
ಸೀಮೆಸುಣ್ಣ ಹುಡುಕಿ ತೆಗೆದೆ.

ಹೆಸರು ಏನು ನಿಮ್ಮದು, ಎಂದೆ.
ವಿಚೆಕ, ಎಂದ.
ನಿಧಾನವಾಗಿ ಹೇಳಿ.
ಒಂದೊಂದೇ ಅಕ್ಷರ.

ಮುದ್ರೆಗೆ ಇನ್ನೂ ಮೂರು ಅಂಕ ಕಡಿಮೆ.